ಹಗರೆ ಡೈರಿಗೆ ಈಥರ್ ಬಂದದ್ದು

ಹಗರೆಯ ಹಾಲಿನ ಡೈರಿಗೆ ನಾನು ಫ್ಯಾಟು ನೋಡುವ ಕೆಲಸಕ್ಕೆ ಸೇರಿದ ದಿನ ಬೇಲೂರು ತಾಲ್ಲೂಕಿನ ಹಸುಗಳೆಲ್ಲ ತಲಾ ಅರ್ಧ ಸೇರು ಹಾಲು ಹೆಚ್ಚು ಕೊಟ್ಟವು. ಇದನ್ನು ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ. ಬೇರೆ ಯಾರಾದರೂ ಹೇಳಲಿ ಎಂದು ಬಹಳ ದಿನ ಕಾದೆ, ಯಾರೂ ಹೇಳಲಿಲ್ಲ. ನನ್ನ ಹೆಸರು ರಾಮಾನುಜ. ನಮ್ಮದು ಬೇಲೂರಿನಲ್ಲಿ ದೇವಸ್ಥಾನದ ಸೇವೆ ಮಾಡುವ ಮನೆತನ. ನಮ್ಮ ತಾತ ಬೆಳಗಿನ ಪಾರಾಯಣಕ್ಕೆ ದನಿ ಎತ್ತಿದರೆ ಹಳೇಬೀಡಿನಲ್ಲಿ ಪಾರಿವಾಳಗಳು ಹಾರುತ್ತಿದ್ದವು. ಆ ಗಂಟಲು ನನಗೆ ಬಂತು, ಪಾರಾಯಣ ಬರಲಿಲ್ಲ. ಅಂಥ ಗಂಟಲು ಸುಮ್ಮನೆ ಕೂರಬಾರದೆಂದು ಕಥೆ ಹೇಳುತ್ತೇನೆ.

ಯಾವುದನ್ನೂ ಇದ್ದಷ್ಟೇ ಹೇಳಿ ನನಗೆ ಅಭ್ಯಾಸವಿಲ್ಲ. ಎರಡು ಮೊಳದ ಕೇರೆಹಾವು ನನ್ನ ಬಾಯಿಂದ ಹೊರಬರುವಷ್ಟರಲ್ಲಿ ಡೈರಿಯ ಗೇಟಿಗೆ ಎರಡು ಸುತ್ತು ಸುತ್ತಿಕೊಳ್ಳುವಷ್ಟು ಬೆಳೆದಿರುತ್ತದೆ. ಅಂಥ ನನ್ನನ್ನೂ ಒಂದು ಸೀಸೆ ಸೋಲಿಸಿತು. ಅದು ಎಂಬತ್ಮೂರನೇ ಇಸವಿ, ಸಂಕ್ರಾಂತಿ ಕಳೆದ ಚಳಿಯ ದಿನಗಳು.

ದ್ಯಾವಮ್ಮನಿಂದ ಶುರು ಮಾಡಬೇಕು. ಹಗರೆಯಿಂದ ಎರಡು ಮೈಲಿ ಒಳಗಿನ ಹಟ್ಟಿಯವಳು, ಐವತ್ತು ದಾಟಿದವಳು. ಇದ್ದದ್ದು ಕೆಂದಿ ಎಂಬ ಒಂದೇ ಹಸು. ಆರು ವರ್ಷದಿಂದ ಡೈರಿಯ ಸಾಲಿನಲ್ಲಿ ಅವಳೇ ಮೊದಲು. ಕೋಳಿ ಕೂಗುವ ಹೊತ್ತಿಗೆ ಹಾಲು ಕರೆದು, ಕ್ಯಾನನ್ನು ಸೊಂಟದ ಮೇಲಿಟ್ಟುಕೊಂಡು ನಡೆದು ಬಂದು ಡೈರಿಯ ಜಗಲಿ ಹಿಡಿಯುತ್ತಿದ್ದಳು. ಬೆಳಗಿನ ಬೋಣಿ ತನ್ನ ಹಾಲಿನದೇ ಆಗಬೇಕು ಎಂಬುದು ಅವಳ ಹಟ. ಊರಿನ ಹಾಲೆಲ್ಲ ತನ್ನ ಕೆಂದಿಯ ಹಾಲಿನ ಮೇಲೆ ಬಂದು ಬೀಳುತ್ತದೆ ಎಂದು ಹೇಳಿಕೊಂಡು ಹಿಗ್ಗುತ್ತಿದ್ದಳು. ಸಾಲಿನಲ್ಲಿ ಮೊದಲು ನಿಂತವಳು ನನ್ನ ಕಥೆಗೂ ಮೊದಲ ಕಿವಿ. ಆ ಸಂಕ್ರಾಂತಿಯ ಮಾರನೆಯ ದಿನ ನಾನು ನಮ್ಮ ತಾತ ಗೆಂಡೆಹಳ್ಳಿಯಲ್ಲಿ ಹುಲಿಯನ್ನು ಬರಿಯ ಪಂಚೆಯಿಂದ ಕಟ್ಟಿಹಾಕಿದ ಕಥೆ ಹಿಡಿದಿದ್ದೆ. ಆರೂವರೆಗೆ ತೆಗೆಯಬೇಕಾದ ಡೈರಿಯ ಬಾಗಿಲು, ಹುಲಿಯ ದೆಸೆಯಿಂದ, ಏಳೂವರೆಯಾಗದೆ ತೆಗೆಯುತ್ತಿರಲಿಲ್ಲ. ಜನ ಚಳಿಯಲ್ಲಿ ಕ್ಯಾನು ಕೆಳಗಿಟ್ಟು, ಕಂಬಳಿ ಹೊದ್ದು, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಅದೇ ವಾರ ದ್ಯಾವಮ್ಮನ ಹಾಲಿನ ಫ್ಯಾಟು ಬಿದ್ದುಹೋಯಿತು. ಫ್ಯಾಟು ಅಳೆಯುವ ಮಿಷಿನ್ನಿನಲ್ಲಿ ಯಾವಾಗಲೂ ನಾಲ್ಕೂವರೆ ತೋರಿಸುತ್ತಿದ್ದದ್ದು ಮೂರಕ್ಕೂ ಕೆಳಗೆ ಇಳಿಯಿತು. ಒಂದು ದಿನವಲ್ಲ, ಸಾಲಾಗಿ ನಾಲ್ಕು ದಿನ. ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿದರೆ ನೀರು ಬೆರೆಸಿದ ಗುರುತಿಲ್ಲ. ನೀರಿಲ್ಲದೆ ಫ್ಯಾಟು ಬಿದ್ದರೆ ಅದಕ್ಕೆ ಅರ್ಥ ಒಂದೇ ಎಂದು ಡೈರಿಯ ಸೆಕ್ರೆಟರಿ ತಿಮ್ಮಯ್ಯ ಎದ್ದು ನಿಂತ.

"ಏನ್ ದ್ಯಾವಮ್ಮ, ಕೆನೆ ತಗ್ದು ಬೆಣ್ಣೆ ಮಾಡ್ಕಂಡು ಉಳಿದಿದ್ದು ಡೈರಿಗೆ ತತ್ತಾ ಇದ್ದೀಯಾ?"

"ನನ್ ಕೆಂದಿ ಆಣೆಗೂ ಕೆನೆಗೆ ಬೆಳ್ಳು ಅದ್ದಿಲ್ಲ ಕಣಪ್ಪ!"

"ಆಣೆನೆಲ್ಲ ಮಿಷಿನ್ ಮುಂದೆ ಇಡು. ಮಿಷಿನ್ ಸುಳ್ಳು ಹೇಳಾಕಿಲ್ಲ."

"ಮಿಷಿನ್ನು ಹಾಲ್ ಕುಡ್ದೈತಾ ಎಂದಾರ? ಅದಕ್ಕೇನ್ ಗೊತ್ತು ನನ್ ಹಸಿನ್ ಹಾಲ್ ರುಚಿ?"

ಸಾಲಿನಲ್ಲಿದ್ದವರು ನಕ್ಕರು, ತಿಮ್ಮಯ್ಯ ನಗಲಿಲ್ಲ. ಶನಿವಾರದ ಹಾಲೂ ಹಾಗೇ ಬಂದರೆ ಸೋಮವಾರದಿಂದ ಅವಳ ಹಾಲು ಡೈರಿಗೆ ಬೇಡ, ಕೆನೆ ತೆಗೆಯುವವಳು ಎಂದು ಅವಳ ಹೆಸರನ್ನು ಜಗಲಿಯ ಕಪ್ಪು ಹಲಗೆಯ ಮೇಲೆ ಬರೆಸುತ್ತೇನೆ ಎಂದುಬಿಟ್ಟ. ಆ ಹಲಗೆ ಇದ್ದದ್ದು ಬಸ್ಸು ನಿಲ್ಲುವ ಜಾಗದ ಎದುರಿಗೆ. ಬೇಲೂರಿಗೆ ಹೋಗುವವರೂ ಓದುತ್ತಾರೆ, ಹಾಸನಕ್ಕೆ ಹೋಗುವವರೂ ಓದುತ್ತಾರೆ. ದ್ಯಾವಮ್ಮನಿಗೆ ಓದು ಬರದು. ಅದರಿಂದಲೇ ಅವಳಿಗೆ ಇನ್ನೂ ಭಯವಾಯಿತು. "ನನ್ ಹೆಸ್ರು ಅಲ್ಲಿ ಎಷ್ಟ್ ದಿನ ಇರ್ತದೆ ಅಂತ ನಂಗೆ ಹೆಂಗ್ ಗೊತ್ತಾಯ್ತದೆ ಅಯ್ನೋರೆ?" ಎಂದು ನನ್ನನ್ನು ಕೇಳಿದಳು. ನಾನು ಕ್ಯಾನು ತೊಳೆಯಲು ಹೋದೆ.

ನಮ್ಮ ಡೈರಿಯ ಕೆಮಿಸ್ಟ್ ಕಾಂಚನಮಾಲಾ ಮೇಡಂ. ಹಳೇಬೀಡಿನ ಬಸದಿಗಳ ಕಡೆಯ ಜೈನರ ಮನೆಯವರು, ಎಂ.ಎಸ್‌ಸಿ. ಓದಿದವರು. ದಿನವೂ ಹಳೇಬೀಡಿನಿಂದ ಬಸ್ಸಿಗೆ ಬಂದು, ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಬೇಕೆಂದು ನಾಲ್ಕೂವರೆಗೆಲ್ಲ ಹೊರಟುಬಿಡುವರು. ಅವರು ಇಡೀ ದಿನ ಆಡುವ ಮಾತಿಗಿಂತ ಅವರ ಹೆಸರೇ ಉದ್ದ. ದ್ಯಾವಮ್ಮನ ವಿಷಯ ಕೇಳಿ ಅವರು ಹೇಳಿದ್ದು ಇಷ್ಟು: "ನಾವು ಯಾವ ಹಾಲು ಹಾಕ್ತೀವೋ ಅದರದ್ದು ಮಾತ್ರ ಮಿಷಿನ್ ಹೇಳೋದು. ಈಥರ್ ಹಾಕಿ ಕೆನೆ ಎಳೆದು ತೂಕ ಮಾಡೋಣ."

ಈಥರ್ ಎಂಬುದು ನೀರಿನಂತೆ ಕಾಣುವ, ಸಿಹಿಯಾಗಿ ಗಾಟು ಹೊಡೆಯುವ ದ್ರವ. ಹಾಲಿಗೆ ಹಾಕಿ ಕುಲುಕಿದರೆ ಹಾಲಿನಲ್ಲಿರುವ ಕೊಬ್ಬನ್ನೆಲ್ಲ ತನ್ನೊಳಕ್ಕೆ ಎಳೆದುಕೊಂಡು ಮೇಲೆ ತೇಲುತ್ತದೆ. ಅದನ್ನು ಬಗ್ಗಿಸಿ, ಆರಿಹೋಗಲು ಬಿಟ್ಟರೆ ಈಥರ್ ಎದ್ದು ಹೋಗುತ್ತದೆ, ಕೊಬ್ಬು ಕೂತಿರುತ್ತದೆ. ಕೂತದ್ದನ್ನು ತಕ್ಕಡಿಗೆ ಹಾಕಿದರೆ ಮುಗಿಯಿತು. ಆಮೇಲೆ ಯಾರ ಆಣೆಯೂ ಬೇಕಾಗುವುದಿಲ್ಲ.

ಗುರುವಾರ ಮೇಡಮ್ಮೂ ನಾನೂ ಡೈರಿಯ ಜೀಪಿನಲ್ಲಿ ಅರಸೀಕೆರೆಗೆ ಹೋದೆವು. ಡ್ರೈವರ್ ಗಿಡ್ಡಪ್ಪ. ಆರಡಿ ಎರಡಂಗುಲ ಎತ್ತರ, ಹೆಸರು ಮಾತ್ರ ಹಾಗೆ. ರೈಲ್ವೆ ಸ್ಟೇಷನ್ನಿನ ಹತ್ತಿರದ ಅಂಗಡಿಯವನು ಒಳಗಿನಿಂದ ಧೂಳು ಹಿಡಿದ ಅರ್ಧ ಸೀಸೆ ಹೊರತೆಗೆದ. "ಇದನ್ನೇ ತಗೊಂಡ್ಹೋಗಿ ಮೇಡಂ. ಮೂರು ವರ್ಷದ್ದು. ತುಪ್ಪದ ಥರ, ಹಳೇದಾದಷ್ಟೂ ಒಳ್ಳೇದು," ಎಂದು ಮುಚ್ಚಳಕ್ಕೆ ಕೈ ಹಾಕಿದ.

"ಮುಚ್ಚಳ ತಿರುಗಿಸಬೇಡಿ," ಎಂದರು ಮೇಡಂ. ದನಿ ಏರಿಸಲಿಲ್ಲ. ಅವನ ಕೈ ತಾನಾಗಿ ನಿಂತಿತು. "ಮೆಲ್ಲಗೆ ಕೆಳಗಿಡಿ. ಅಲುಗಿಸಬೇಡಿ."

ಒಮ್ಮೆ ತೆರೆದ ಈಥರ್ ಗಾಳಿ ಬೆಳಕು ಸೋಕಿಸಿಕೊಂಡು ಹಳೆಯದಾದರೆ ಅದರಲ್ಲಿ ಪೆರಾಕ್ಸೈಡು ಎಂಬ ಸಿಡಿಮದ್ದು ಹುಟ್ಟುತ್ತದಂತೆ. ಮುಚ್ಚಳದ ಸಂದಿಯಲ್ಲಿ ಹರಳುಗಟ್ಟಿ ಕೂತು, ತಿರುಗಿಸಿದ ಉಜ್ಜಾಟಕ್ಕೇ ಸಿಡಿಯಬಹುದಂತೆ. ಮೇಡಂ ಒಂದು ಚೀಟಿಯ ಮೇಲೆ 'ತೆರೆಯಬೇಡಿ' ಎಂದು ಬರೆದು ಆ ಸೀಸೆಯ ಮುಂದಿಟ್ಟು, ಅದನ್ನು ಬಲ್ಲವರನ್ನು ಕರೆಸಿಯೇ ವಿಲೇವಾರಿ ಮಾಡಿಸಬೇಕೆಂದು ಅಂಗಡಿಯವನಿಂದ ಮಾತು ತೆಗೆದುಕೊಂಡರು. ನಮಗೆ ಕೊಂಡದ್ದು ಸೀಲು ಒಡೆಯದ, ತಾರೀಖು ಬರೆದ, ಕಂದು ಗಾಜಿನ ಹೊಸ ಸೀಸೆ. ಜೊತೆಗೆ ಅದರ ಷಡ್ಡಕ ಪೆಟ್ರೋಲಿಯಂ ಈಥರಿನದೂ ಒಂದು. ಎರಡನ್ನೂ ಮರಳು ತುಂಬಿದ ಮರದ ಪೆಟ್ಟಿಗೆಯಲ್ಲಿ ಹೂತು ಜೀಪಿನ ಹಿಂದೆ ನೆರಳಲ್ಲಿಟ್ಟೆವು.

"ಗಿಡ್ಡಪ್ಪ, ಹಗರೆ ಮುಟ್ಟೋವರೆಗೂ ಬೀಡಿ ಇಲ್ಲ," ಎಂದರು.

ಗಿಡ್ಡಪ್ಪನಿಗೆ ಮೈಲಿಗೊಂದು ಬೀಡಿ ಬೇಕು. ಜಾವಗಲ್ ಬರುವಷ್ಟರಲ್ಲಿ ಅವನ ಮೀಸೆ ನಡುಗುತ್ತಿತ್ತು. ಹಳೇಬೀಡಿನ ಕೆರೆ ಏರಿಯ ಮೇಲೆ ಕಣ್ಣಲ್ಲಿ ನೀರು ಬಂತು. "ರಾಮಾನುಜಪ್ಪೋರೆ, ನಾನ್ ಸತ್ರೆ ಒಂದು ಕಟ್ಟು ಹಚ್ಚಿ ನನ್ ಜೊತೇಲೇ ಮಣ್ ಮಾಡ್ಸಿ," ಎಂದ. ಹಗರೆಯಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಅವನು ರಸ್ತೆಯಾಚೆ ಓಡಿಹೋಗಿ ಒಟ್ಟಿಗೆ ನಲವತ್ತು ಬೀಡಿ ಸೇದಿದ. ಸರಿ, ನಾಲ್ಕು.

ಶುಕ್ರವಾರ ಮಧ್ಯಾಹ್ನ ಮೇಡಂ ನನಗೆ ಪಾಠ ಮಾಡಿದರು. ಅಂಗೈ ಮೇಲೆ ಎರಡು ಹನಿ ಬಿಟ್ಟರು. ಮಂಜುಗಡ್ಡೆ ಮುಟ್ಟಿದ ಹಾಗಾಯಿತು. ನೋಡುನೋಡುತ್ತ ಹನಿ ಇಲ್ಲ, ಕೈ ಒಣಗಿದೆ. ನಮ್ಮ ಮೈ ಬಿಸಿಯೇ ಅದಕ್ಕೆ ಒಲೆಯಂತೆ. ಮೂವತ್ತೈದು ಡಿಗ್ರಿಗೇ ಕುದಿಯುತ್ತದೆ.

"ಎಲ್ಲಿ ಹೋಯ್ತು ಹೇಳಿ?" ಎಂದರು.

"ಮೇಲಕ್ಕೆ, ಆಕಾಶಕ್ಕೆ."

"ಇಲ್ಲ. ಕೆಳಕ್ಕೆ."

ಅಂಗಳದ ಬಯಲಿನಲ್ಲಿ, ಸೀಸೆಯನ್ನು ಒಳಗೆ ಬಿಗಿಮಾಡಿ ಇಟ್ಟು ಬಂದು, ಸೂರಿನ ನೀರು ಹರಿಯುವ ಉದ್ದ ತಗಡಿನ ದೋಣಿಯೊಂದನ್ನು ಓರೆಯಾಗಿ ನಿಲ್ಲಿಸಿದರು. ಮೇಲಿನ ತುದಿಯಲ್ಲಿ ನಾಲ್ಕೇ ಹನಿ ಈಥರ್ ಹಾಕಿದ ಹತ್ತಿ. ಕೆಳಗಿನ ತುದಿಯಲ್ಲಿ ಎಣ್ಣೆಯ ಹಣತೆ. ಪಕ್ಕದಲ್ಲಿ ಮರಳಿನ ಬಕೆಟ್ಟು. ಇಬ್ಬರೂ ದೂರ ನಿಂತೆವು. ಹತ್ತಿಗೂ ಹಣತೆಗೂ ನಡುವೆ ಆರು ಅಡಿ, ಏನೂ ಕಾಣದು. ನಾನು ಬಾಯಿ ತೆರೆದು ಏನೋ ಹೇಳಬೇಕೆನ್ನುವಷ್ಟರಲ್ಲಿ ಹಣತೆಯಿಂದ ನೀಲಿಯ ಒಂದು ನಾಲಗೆ ದೋಣಿಯೊಳಗೆ ಸರ್ರನೆ ಮೇಲಕ್ಕೆ ಓಡಿ ಹತ್ತಿಯನ್ನು ಹೊತ್ತಿಸಿತು. ಮೇಡಂ ಮರಳು ಸುರಿದರು. "ಇದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ನೆಲ ಹಿಡಿದು ಹರಿದುಹೋಗಿ ಎಲ್ಲೋ ಇರೋ ಬೆಂಕೀನ ಕರ್ಕೊಂಡು ಬರತ್ತೆ. ಹತ್ತಿಕೊಂಡ್ರೆ ನೀರು ಹಾಕಬಾರದು. ನೀರಿನ ಮೇಲೆ ತೇಲಿಕೊಂಡೇ ಉರಿಯತ್ತೆ. ಉರಿ ಬೇಡ, ಕಾದ ಇಸ್ತ್ರಿಪೆಟ್ಟಿಗೆ ಹತ್ತಿರವಿದ್ರೂ ಸಾಕು."

ಅಂದು ನನ್ನ ಮೂವತ್ತೆರಡು ವರ್ಷದ ಗರ್ವ ಮುರಿಯಿತು. ಇದಕ್ಕೆ ನಾನು ಏನು ಸೇರಿಸಲಿ? ಹಾವಿಗೆ ಉದ್ದ ಸೇರಿಸಬಹುದು, ಹುಲಿಗೆ ಹಲ್ಲು ಸೇರಿಸಬಹುದು. ಕಾಣದೆ ನೆಲದ ಮೇಲೆ ತೆವಳಿ ಬೆಂಕಿಯನ್ನು ಹಿಂದಕ್ಕೆ ಕರೆತರುವ ವಸ್ತುವಿಗೆ ಸೇರಿಸಲು ಏನೂ ಉಳಿದಿರಲಿಲ್ಲ.

"ನಾಳೆ ಹಿತ್ತಲ ಬಾಗಿಲು ತೆಗೆದಿಟ್ಟು ಕೆಲಸ ಮಾಡ್ತೀನಿ, ಆವಿ ಹಿಂದಕ್ಕೆ ಹರಿದುಹೋಗಲಿ," ಎಂದರು ಮೇಡಂ. "ಆ ಕಡೆ ಯಾರೂ ಬೆಂಕಿ ತರಬಾರದು. ಸಾಲಿನಲ್ಲಿ ಎಲ್ಲರಿಗೂ ಹೇಳಿ. ಬೆಂಕಿ ತರಬೇಡಿ ಅಂತ. ಅಷ್ಟೇ ಹೇಳಿ."

ಅಷ್ಟೇ ಹೇಳುವುದು! ಮೀನಿಗೆ ಸ್ವಲ್ಪವೇ ನೆನೆ ಎಂದ ಹಾಗೆ.

ಶುಕ್ರವಾರ ಸಂಜೆಯ ಹಾಲಿನ ಸಾಲಿಗೆ ನಾನು ಹುಲಿಯನ್ನು ಬದಿಗಿಟ್ಟು ಈಥರಿನ ಕಥೆ ಹೇಳಿದೆ. ಬೆಂಕಿ ತರಬೇಡಿ ಎಂದರೆ ಯಾರು ಕೇಳುತ್ತಾರೆ? ಬೀಡಿ ಸೇದಿಕೊಂಡೇ ತಲೆ ಆಡಿಸುತ್ತಾರೆ. ಹೆದರಿಸಿದರೆ ಹತ್ತಿರ ಸುಳಿಯುವುದಿಲ್ಲ ಎಂಬುದು ನನ್ನ ಲೆಕ್ಕ. ಅರಸೀಕೆರೆಯಿಂದ ಒಂದು ಗಾಳಿಯನ್ನು ಸೀಸೆಯಲ್ಲಿ ಹಿಡಿದು ತಂದಿದ್ದೇವೆ ಎಂದೆ. ಅದಕ್ಕೆ ಕಾಲಿಲ್ಲ, ನೆಲದ ಮೇಲೆ ತೆವಳುತ್ತದೆ ಎಂದೆ. ಮುಟ್ಟಿದರೆ ಹೆಣದಷ್ಟು ತಣ್ಣಗೆ, ಮೂಸಿದರೆ ಏಳು ದಿನ ನಿದ್ದೆ. ಹಾಲನ್ನು ಕಂಡರೆ ಅದರ ಕೆನೆಯನ್ನೆಲ್ಲ ಹೀರಿ ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತದೆ, ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬಿಡುತ್ತೇವೆ ಎಂದೆ. ಜನ ಕಾಲು ಮೇಲೆತ್ತಿ ಕೂತರು. ಬೆಂಕಿಯ ವಿಷಯವೊಂದು ಮಾತ್ರ ಕಥೆಯ ರಭಸದಲ್ಲಿ ಬಿಟ್ಟುಹೋಯಿತು.

ದ್ಯಾವಮ್ಮ ಮಾತ್ರ ಹಿತ್ತಲ ಬಾಗಿಲಿನ ಕಡೆಗೇ ನೋಡುತ್ತಿದ್ದಳು. ಅದನ್ನು ನಾನು ಗಮನಿಸಬೇಕಿತ್ತು.

ಶನಿವಾರ ಬೆಳಿಗ್ಗೆ ಮೇಡಂ ಮೊದಲನೇ ಬಸ್ಸಿಗೇ ಬಂದು ಜಗಲಿಯ ಮೂಲೆಯಲ್ಲಿ ನಿಂತರು. "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ," ಎಂದರು ನನಗೆ. ನಾನು ದಿನದಂತೆ ಕಥೆ ಹೇಳಿ ಏಳೂವರೆಗೆ ಬಾಗಿಲು ತೆರೆದೆ. ದಿನದಂತೆ ಉದ್ದ ಹಿಡಿಯ ಸೌಟನ್ನು ದ್ಯಾವಮ್ಮನ ಕ್ಯಾನಿನ ತಳದವರೆಗೆ ಇಳಿಸಿ, ಒಂದೇ ಏಟಿಗೆ ಸ್ಯಾಂಪಲ್ ಎತ್ತಿದೆ. ನನ್ನ ಕೈಚಳಕ ನೋಡಲು ಹಾಸನದಿಂದಲೂ ಜನ ಬರುತ್ತಾರೆ. ಮೇಡಂ ಅದನ್ನು ಒಂದು ಸೀಸೆಗೆ ಹಾಕಿಸಿ 'ಒಂದು' ಎಂದು ಬರೆದರು. ಆಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದ, ತುದಿಯಲ್ಲಿ ಬಿಲ್ಲೆಯಿರುವ ಕಲಕುವ ಕೋಲನ್ನು ತೆಗೆದುಕೊಂಡು, ಅದರ ಮೇಲಿನ ಜೇಡರ ಬಲೆ ತೊಳೆದು, ಅದೇ ಕ್ಯಾನಿನ ಹಾಲನ್ನು ಮೇಲೆ ಕೆಳಗೆ ಹತ್ತು ಸಲ ಕಲಕಿ ಇನ್ನೊಂದು ಸ್ಯಾಂಪಲ್ ತೆಗೆದರು. ಅದು 'ಎರಡು'.

ತಿಮ್ಮಯ್ಯ ಸುಣ್ಣದ ಕಡ್ಡಿ ಹಿಡಿದು ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡ. ದ್ಯಾವಮ್ಮ ಖಾಲಿ ಕ್ಯಾನು ಎತ್ತಿಕೊಂಡು ಎತ್ತಲೋ ಹೋದಳು.

ಹಿಂದಿನ ಕೋಣೆಯಲ್ಲಿ ಕೆಲಸ. ಕಿಟಕಿ ಬಾಗಿಲು ಎಲ್ಲ ತೆರೆದಿಟ್ಟೆವು. ಸ್ಟವ್ವಿಲ್ಲ, ಸ್ವಿಚ್ಚು ಮುಟ್ಟುವ ಹಾಗಿಲ್ಲ. ಬೇಕಾದ ಬಿಸಿನೀರನ್ನು ರಸ್ತೆಯಾಚೆಯ ಹೋಟೆಲಿನಿಂದ ಗಿಡ್ಡಪ್ಪ ಹೊತ್ತು ತಂದ. ಅವನ ಜೇಬಿನ ಬೆಂಕಿಪೊಟ್ಟಣ ಹೋಟೆಲಿನಲ್ಲೇ ಉಳಿಯಿತು. ಮೇಡಂ ಎರಡು ಗಾಜಿನ ಕೊಳವೆಗಳಲ್ಲಿ ಹಾಲು ಅಳೆದು, ಅಮೋನಿಯ, ಸ್ಪಿರಿಟ್ಟು, ಈಥರುಗಳನ್ನು ಒಂದಾದ ಮೇಲೊಂದು ಹಾಕಿ ಕುಲುಕಿದರು. ಕುಲುಕುವ ನಡುವೆ ನಿಲ್ಲಿಸಿ ಮುಚ್ಚಳವನ್ನು ಸಡಿಲಿಸಿದಾಗ ಕೊಳವೆ ಉಸ್ಸೆಂದು ನಿಟ್ಟುಸಿರು ಬಿಟ್ಟಿತು. ಹಾಗೆ ಬಿಡದಿದ್ದರೆ ಮುಚ್ಚಳವೇ ಹಾರುತ್ತದಂತೆ. ಸೀಸೆಯಿಂದ ಬೇಕಾದಷ್ಟು ತೆಗೆದ ಕೂಡಲೇ ಬಿಗಿದು ಪೆಟ್ಟಿಗೆಗೆ ಸೇರಿಸಿದರು. ತಿಳಿಯಾಗಿ ಮೇಲೆ ನಿಂತ ಈಥರನ್ನು ತೂಕ ಮಾಡಿಟ್ಟ ಎರಡು ಗಾಜಿನ ಬುರುಡೆಗಳಿಗೆ ಬಗ್ಗಿಸಿ ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದರು.

ನನ್ನ ಕೆಲಸ ಹಿತ್ತಲ ಮೆಟ್ಟಿಲಿನ ಮೇಲೆ ಕಾವಲು. ಆವಿ ಹೊಸ್ತಿಲು ದಾಟಿ ನನ್ನ ಕಾಲ ಪಕ್ಕವೇ ಮೆಟ್ಟಿಲಿಳಿದು ಹೋಗುತ್ತಿತ್ತು. ಕಾಣುತ್ತಿರಲಿಲ್ಲ. ಆದರೆ ನನ್ನ ಮೂಗು ಎಂಥದು! ಆ ಸಿಹಿ ಗಾಟು ಪಾದದ ಮಟ್ಟದಲ್ಲಿ ಹರಿಯುವುದನ್ನು ಬಗ್ಗಿ ಮೂಸಿ ತಿಳಿದುಕೊಂಡೆ. ತಲೆ ಸ್ವಲ್ಪ ತೇಲಿದ್ದರಿಂದ ಮತ್ತೆ ಬಗ್ಗಲಿಲ್ಲ.

ಇಲ್ಲಿಂದ ಮುಂದೆ ಒಂದಷ್ಟು ಸಾಲಿಗೆ ನಾನು ಒಂದು ಹನಿ ನೀರೂ ಬೆರೆಸಿಲ್ಲ.

ಹಿತ್ತಲಿನ ಕತ್ತಾಳೆ ಬೇಲಿಯಲ್ಲಿ ಒಂದು ಕಿಂಡಿ ಇತ್ತು. ಆ ಕಿಂಡಿಯಿಂದ ಹೊಗೆ ಬಂತು. ಹೊಗೆಯ ಹಿಂದೆ ದ್ಯಾವಮ್ಮ ಬಂದಳು. ಎಡಗೈಯಲ್ಲಿ ಬೇವಿನ ಸೊಪ್ಪು. ಬಲಗೈಯಲ್ಲಿ ಒಂದು ಹಂಚು. ಹಂಚಿನ ತುಂಬ ನಿಗಿನಿಗಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. ಅವಳಿಗೂ ಮೆಟ್ಟಿಲಿಗೂ ನಡುವೆ ಹನ್ನೊಂದು ಮಾರು. ಆಮೇಲೆ ನಾನೇ ಹಗ್ಗ ಹಿಡಿದು ಅಳೆದೆ.

"ಅಯ್ಯೋ ದ್ಯಾವಮ್ಮಾ, ಬರಬೇಡ! ಗಾಳಿ ಹೊರಟಿದೆ! ನಿನ್ನ ಕಡೆಗೇ ಬರ್ತಾ ಇದೆ!" ಎಂದು ನಮ್ಮ ತಾತನ ಗಂಟಲಿನಲ್ಲಿ ಕೂಗಿದೆ.

"ಗೊತ್ತು ಕಣ್ರೀ ಅಯ್ನೋರೆ! ಅದ್ಕೇ ಬಂದೀವ್ನಿ! ನನ್ ಕೆನೆ ಹೀರ್ಕಂಡ್ ಓಡೋಗಕ್ಕೆ ಬುಟ್ಟೇನಾ? ನೀವ್ ಹೆದ್ರುಕಬ್ಯಾಡಿ!" ಎಂದು ಅವಳು ಎರಡು ಹೆಜ್ಜೆ ಬೇಗ ಬೇಗ ಮುಂದಿಟ್ಟಳು.

ಗಾಳಿ ಸೋಕಿದರೆ ಕೆಂಡ ತೋರಿಸು, ಸಾಂಬ್ರಾಣಿ ಹಾಕು. ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ವಿಷಯ. ನನ್ನ ಕಥೆಯನ್ನು ಅವಳಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ. ಗಾಳಿ ಯಾವ ಬಾಗಿಲಿನಿಂದ, ಎಷ್ಟು ಗಂಟೆಗೆ ಬರುತ್ತದೆಂದು ನಾನೇ ಹೇಳಿದ್ದೆ. ಅವಳು ಅದನ್ನು ಎದುರುಗೊಳ್ಳಲು ಸರಿಯಾದ ಹೊತ್ತಿಗೆ ಬಂದಿದ್ದಳು.

ಒಳಗಿನಿಂದ ಮೇಡಂ ಅವರ ದನಿ ಮೆತ್ತಗೆ ಬಂತು. "ರಾಮಾನುಜ, ಬುರುಡೆಗಳನ್ನ ಎತ್ತಿ ಮುಚ್ಚಿದೀನಿ. ಅವರಿಗೆ ಇದ್ದದ್ದನ್ನ ಇದ್ದಹಾಗೆ ಹೇಳಿ."

ಇದ್ದದ್ದನ್ನು ಇದ್ದ ಹಾಗೆ ಹೇಳುವಾಗ ಬಾಯಿ ಹೇಗೆ ಇಟ್ಟುಕೊಳ್ಳಬೇಕೆಂದೇ ನನಗೆ ತಿಳಿಯದು. ದನಿ ಇಳಿಸಿದೆ. "ದ್ಯಾವಮ್ಮ, ನಿಂತ್ಕೊ. ಗಾಳಿ ಇಲ್ಲ, ದೆವ್ವ ಇಲ್ಲ. ನಾನು ಸುಳ್ಳು ಹೇಳಿದೆ."

ಅವಳು ನಿಂತಳು.

"ಅದು ಸೀಮೆಎಣ್ಣೆ ಥರದ್ದೇ ಒಂದು ಎಣ್ಣೆ. ಅದರ ಆವಿ ನೆಲದ ಮೇಲೆ ಹರಿದು ಬರುತ್ತೆ. ನಿನ್ನ ಕೆಂಡಕ್ಕೆ ತಗುಲಿದ್ರೆ ಅಲ್ಲಿಂದ ಇಲ್ಲೀತನಕ ಹತ್ತಿಕೊಳ್ಳುತ್ತೆ. ಒಳಗೆ ಮೇಡಮ್ಮೂ ಇದಾರೆ, ನಿನ್ನ ಕೆನೆಯೂ ಇದೆ. ಹಂಚನ್ನ ಹಾಗೇ ಹಿಡ್ಕೊಂಡು ಹಿಂದಕ್ಕೆ ಹೋಗು."

"ಸುಳ್ಳು ಅಂದ್ರಾ?"

"ಸುಳ್ಳು."

"ಏಳ್ ದಿನ ನಿದ್ದೆ?"

"ಅದೂ."

ದ್ಯಾವಮ್ಮ ಕೆಂಡ ಹಿಡಿದುಕೊಂಡೇ ಯೋಚಿಸಿದಳು. "ಹಂಗಾರೆ ನಿಮ್ಮ ತಾತನ ಹುಲಿ?"

ಇದು ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ? ಆದರೆ ಅವಳ ಮುಖ ನೋಡಿದೆ. ಇದಕ್ಕೆ ಸರಿಯಾದ ಉತ್ತರ ಬಾರದೆ ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯುವವಳಲ್ಲ.

"ಕಾಡುಬೆಕ್ಕು," ಎಂದೆ.

"ಬೆಕ್ಕಾ!"

"ದೊಡ್ಡದಾಗಿತ್ತು. ತಾತ ಕಟ್ಟಿಹಾಕಲಿಲ್ಲ. ಅದೇ ಓಡಿಹೋಯ್ತು."

ಅವಳು ಮುಖ ಸೊಟ್ಟ ಮಾಡಿಕೊಂಡಳು. ಆಮೇಲೆ ಬೆನ್ನು ತಿರುಗಿಸದೆ, ಬಂದ ದಾರಿಯಲ್ಲೇ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಕಿಂಡಿ ದಾಟಿ, ರಸ್ತೆ ಬದಿಯ ದನದ ನೀರಿನ ತೊಟ್ಟಿಯವರೆಗೂ ಹೋಗಿ ಹಂಚನ್ನು ಮಗುಚಿದಳು. ಕೆಂಡ ಚೊಯ್ ಎಂದದ್ದು ನನಗೆ ಮೆಟ್ಟಿಲಿನವರೆಗೂ ಕೇಳಿಸಿತು. ವಾಪಸು ಬಂದು ನನ್ನಿಂದ ಒಂದು ಮೆಟ್ಟಿಲು ಕೆಳಗೆ ಕೂತಳು. ಇಬ್ಬರೂ ಕಾವಲು ಕೂತೆವು. ಒಳಗೆ ಬುರುಡೆಗಳು ಮತ್ತೆ ಬಿಸಿನೀರಿಗೆ ಇಳಿದವು. ಅವಳು ತನ್ನ ಬೇವಿನ ಸೊಪ್ಪನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಸೊಪ್ಪಿಗೆ ಬೆಂಕಿಯಿಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ.

ಈಥರ್ ಹೋದ ಮೇಲೆ ಬುರುಡೆಗಳನ್ನು ಒಣಗಿಸಿ, ಆರಿಸಿ, ಮೇಡಂ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟು ತೂಗಿದಾಗ ಮಧ್ಯಾಹ್ನವಾಗಿತ್ತು. ತಿಮ್ಮಯ್ಯ ಸುಣ್ಣದ ಕಡ್ಡಿ ಹಿಡಿದೇ ಒಳಗೆ ಬಂದ. ಎರಡು ಬುರುಡೆಗಳ ತಳದಲ್ಲೂ ಹಳದಿ ಕೊಬ್ಬು. ಒಂದರಲ್ಲಿ ಪದರ, ಇನ್ನೊಂದರಲ್ಲಿ ಉಂಡೆಯಾಗುವಷ್ಟು.

"ಒಂದನೇದು ಎರಡು ಪಾಯಿಂಟ್ ಒಂಬತ್ತು," ಎಂದರು ಮೇಡಂ. "ಎರಡನೇದು ನಾಲ್ಕು ಪಾಯಿಂಟ್ ಏಳು. ಒಂದೇ ಕ್ಯಾನಿನ ಹಾಲು."

"ಅದೆಂಗಾಯ್ತದೆ ಮೇಡಮ್ಮೋರೆ?" ಎಂದ ತಿಮ್ಮಯ್ಯ. "ಒಂದೇ ಹಸು, ಒಂದೇ ಕ್ಯಾನು!"

"ಚಳೀಲಿ ಎರಡು ಗಂಟೆ ಇಟ್ಟ ಹಾಲು. ಕೆನೆ ಮೇಲೆ ಬಂದು ನಿಂತಿರತ್ತೆ. ಕಲಕದೆ ತಳದಿಂದ ತೆಗೆದ್ರೆ ಒಂದನೇದು. ಕಲಕಿ ತೆಗೆದ್ರೆ ಎರಡನೇದು. ಸಾಲಿನಲ್ಲಿ ಇವರೇ ಮೊದಲು ಬರೋದು, ಇವರ ಹಾಲೇ ಹೆಚ್ಚು ಹೊತ್ತು ನಿಲ್ಲೋದು."

"ಯಾಕ್ ನಿಂತ್ಕತದೆ? ಡೈರಿ ಆರೂವರೆಗೆ ತಗೀಬೇಕಲ್ಲ?"

ಮೇಡಂ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದರು. ಗಿಡ್ಡಪ್ಪ ಛಾವಣಿ ನೋಡಿದ. ದ್ಯಾವಮ್ಮ ನನ್ನನ್ನೇ ನೋಡುತ್ತಿದ್ದಳು. ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಕಾದಳು, ಅಷ್ಟೆ. ಒಂದೇ ಬೆಳಿಗ್ಗೆ ಎರಡು ನಿಜ ಹೇಳುವುದು ದೇಹಕ್ಕೆ ಒಳ್ಳೆಯದಲ್ಲ. ಆದರೂ ಹೇಳಿದೆ.

"ನಾನು ಕಥೆ ಹೇಳ್ತಾ ಬಾಗಿಲು ತೆಗೆಯೋದು ತಡ ಮಾಡಿದೆ. ಕಲಕುವ ಕೋಲನ್ನೂ ಮುಟ್ಟಲಿಲ್ಲ. ದ್ಯಾವಮ್ಮ ಕೆನೆ ತೆಗೆದಿಲ್ಲ."

ತಿಮ್ಮಯ್ಯ ನನಗೆ ಹಾಕಿದ ಛೀಮಾರಿಯನ್ನು ಇಲ್ಲಿ ಬರೆಯುವುದಿಲ್ಲ. ಅದು ಬೇಲೂರಿನವರೆಗೂ ಕೇಳಿಸಿತು, ಇದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ಆಮೇಲೆ ಅವನು ಜಗಲಿಗೆ ಹೋಗಿ ಖಾಲಿ ಹಲಗೆಯ ಮುಂದೆ ನಿಂತುಕೊಂಡ. ಇಡೀ ಬೆಳಿಗ್ಗೆ ಹಿಡಿದು ಕೂತ ಸುಣ್ಣದ ಕಡ್ಡಿಯನ್ನು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ದ್ಯಾವಮ್ಮ ಹಿಂದೆಯೇ ಹೋಗಿ ಕೇಳಿದಳು. "ಬರ್ಯಪ್ಪ. ದ್ಯಾವಮ್ಮನ ಹಾಲು ನಾಲ್ಕು, ಅದೇನೋ ಏಳು. ಬಸ್ನೋರು ಓದ್ಲಿ."

ತಿಮ್ಮಯ್ಯ ಬರೆದ. ಅವಳಿಗೆ ಓದು ಬರದು. ಆದರೂ ನಾಲ್ಕು ಮತ್ತು ಏಳು ಯಾವುದೆಂದು ಅವನಿಂದ ಬೆರಳಿಟ್ಟು ತೋರಿಸಿಕೊಂಡಳು. ಸಂಜೆಯ ಹಾಲಿಗೆ ಬಂದಾಗ ಇನ್ನೂ ಇದೆಯೇ ಎಂದು ಆ ಎರಡು ಅಂಕಿಗಳನ್ನು ತಾನೇ ನೋಡಿಕೊಂಡಳು.

ಮಾರನೆಯ ಬೆಳಿಗ್ಗೆ ನಾನು ಆರೂಕಾಲಿಗೇ ಬಾಗಿಲು ತೆರೆದೆ. ಯಾರ ಮುಖವನ್ನೂ ನೋಡಲಿಲ್ಲ, ಕಥೆಯನ್ನೂ ಎತ್ತಲಿಲ್ಲ. ಕಲಕುವ ಕೋಲನ್ನು ದ್ಯಾವಮ್ಮನ ಕ್ಯಾನಿಗೆ ಇಳಿಸಿ ಒಂದು, ಎರಡು ಎಂದು ಎಣಿಸತೊಡಗಿದೆ. ಸಾಲಿನಲ್ಲಿ ಕೆಮ್ಮುವುದು, ಕಂಬಳಿ ಸರಿಪಡಿಸಿಕೊಳ್ಳುವುದು ಇಷ್ಟೇ. ಮೂರನೇ ಸಲ ಕೋಲು ಎತ್ತಿದಾಗ ದ್ಯಾವಮ್ಮ ಕ್ಯಾನಿನ ಕಂಠ ಹಿಡಿದು ನಿಂತಳು.

"ಬಾಯಿಗೇನಾಗೈತೆ ಅಯ್ನೋರೆ?"

"ನೀನೇ ಕಂಡೆಯಲ್ಲ. ಕಥೆ ಬೇಡ."

"ಕತೆ ಬ್ಯಾಡ ಅಂತ ಯಾರಂದ್ರು? ಕೈ ಆಡುಸ್ತಾ ಹೇಳಿ. ಹತ್ತು ಸಲ ಆಡ್ಸೋಗಂಟ ಹೇಳಿ." ಅವಳು ಸಾಲಿನ ಕಡೆಗೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, "ಆ ಬೆಕ್ಕು ಓಡೋಯ್ತಲ್ಲ, ಯಾವ್ ಕಡೀಕೆ ಓಡೋಯ್ತು?" ಎಂದಳು.

ನಾನು ಕೋಲನ್ನು ತಳಮುಟ್ಟ ಇಳಿಸಿ ಮೇಲೆತ್ತಿದೆ. ಹಳದಿ ಕೆನೆ ಮುರಿದು ಹಾಲಿನಲ್ಲಿ ಬೆರೆಯಿತು.

"ಬೆಕ್ಕೇ ಆದರೂ," ಎಂದು ಶುರು ಮಾಡಿದೆ, "ಬಾಲವೊಂದೇ ಒಂಬತ್ತು ಮೊಳ ಇತ್ತು."

"ನೀರು ಜಾಸ್ತಿ ಆಯ್ತು," ಎಂದಳು ದ್ಯಾವಮ್ಮ. "ಕಲಕಿ, ಕಲಕಿ. ಇನ್ನೂ ಆರು ಸಲ ಐತೆ."